32 ಮನೆ, 14 ಮಡಿ: ಮೈಸೂರಿನ ಒಂದು ಗುಂಪು ವಸತಿಯ ಸೊಪ್ಪಿನ ತೋಟ

ಮೈಸೂರಿನ ಅಂಚಿನಲ್ಲಿರುವ ಒಂದು ಜಿ+3 (ನೆಲಮಹಡಿ, ಅದರ ಮೇಲೆ ಮೂರು) ಬ್ಲಾಕು. ಅಂತಸ್ತಿಗೆ 8 ಮನೆಯಂತೆ ಒಟ್ಟು 32 ಮನೆ. ಒಂದೊಂದೂ ಹೆಚ್ಚುಕಮ್ಮಿ 25 ಚದರ ಮೀಟರ್: ಒಂದು ಹಾಲು, ಒಂದು ಕೋಣೆ, ಅಡುಗೆಗೊಂದು ಮೂಲೆ, ಬಚ್ಚಲು. 2005ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಗರಾಭಿವೃದ್ಧಿ ಯೋಜನೆ ಜೆ-ನರ್ಮ್ ಕಾಲದಲ್ಲಿ ಕೊಳಗೇರಿ ನಿವಾಸಿಗಳಿಗೆ ಕಟ್ಟಿದ ಮನೆಗಳದ್ದೆಲ್ಲ ಸುಮಾರಾಗಿ ಇದೇ ಅಚ್ಚು. ಇಲ್ಲಿರುವವರು ಗಾರ್ಮೆಂಟ್ಸ್‌ಗೆ ಹೋಗುವವರು, ಗಾರೆ ಕೆಲಸದವರು, ಆಟೊ ಓಡಿಸುವವರು, ಮನೆಗೆಲಸದವರು, ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವವರು. ಅರ್ಧಕ್ಕರ್ಧ ಮನೆಗಳ ಹಿರಿಯರು ಎಚ್.ಡಿ. ಕೋಟೆ, ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬಂದವರು. ಹೀಗಾಗಿ ಬೇಸಾಯ ಇವರಿಗೆ ಹೊಸದಲ್ಲ. ಹೊಸದಾಗಿದ್ದದ್ದು 4 ಅಂತಸ್ತಿನ ಕಟ್ಟಡ, ದಿನ ಬಿಟ್ಟು ದಿನ ಬರುವ ನಲ್ಲಿ ನೀರು.

ತೋಟ ಎರಡು ಸಲ ಶುರುವಾಯಿತು. 2023ರಲ್ಲಿ ತಾರಸಿಯ ಮೇಲೆ ಹಾಕಿದ್ದು 9 ತಿಂಗಳಲ್ಲಿ ಮುಗಿಯಿತು. 2024ರ ಮೇ ತಿಂಗಳಲ್ಲಿ ನೆಲದ ಮೇಲೆ ಹಾಕಿದ್ದು ನಡೆಯುತ್ತಿದೆ. ಎರಡೂ ಸಲ ಜನ ಅವರೇ, ಹುರುಪೂ ಅಷ್ಟೇ. ಬದಲಾದದ್ದು ಒಂದೇ: ಮೊದಲ ಸಲ ಜಾಗ ಎಷ್ಟಿದೆ ಎಂದು ನೋಡಿ ಗಿಡ ಇಟ್ಟರು, ಎರಡನೇ ಸಲ ನೀರು ಎಷ್ಟಿದೆ ಎಂದು ಅಳೆದು ಮಡಿ ಹಾಕಿದರು.

ತಾರಸಿಯಲ್ಲಿ ಆದದ್ದು

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಆ ಬಿಸಿಯಲ್ಲೇ 12×12 ಇಂಚಿನ 120 ಗ್ರೋ ಬ್ಯಾಗ್‌ಗಳು ತಾರಸಿ ಹತ್ತಿದವು. 70ರಲ್ಲಿ ಟೊಮೆಟೊ, ಉಳಿದವುಗಳಲ್ಲಿ ಮೆಣಸಿನಕಾಯಿ, ಬದನೆ, ಒಂದಿಷ್ಟು ಸೊಪ್ಪು.

ಒಂದು ಬ್ಯಾಗಿನಲ್ಲಿ 18ರಿಂದ 20 ಲೀಟರ್ ಮಣ್ಣು ಹಿಡಿಯುತ್ತದೆ. ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿದ ಮಿಶ್ರಣ ನೀರು ಕುಡಿದ ಮೇಲೆ ಬ್ಯಾಗೊಂದು 20 ಕೆಜಿ ತೂಗುತ್ತದೆ. 120 ಬ್ಯಾಗೆಂದರೆ 2,400 ಕೆಜಿ. 300 ಚದರ ಮೀಟರ್ ತಾರಸಿಗೆ ಇದೇನೂ ಭಾರವಲ್ಲ, ಹರಡಿ ಇಟ್ಟರೆ. ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ ಹೊರೆ ಹಿಡಿದು ವಿನ್ಯಾಸ ಮಾಡಬೇಕು ಎನ್ನುತ್ತದೆ ಕಟ್ಟಡದ ಹೊರೆ ಕುರಿತ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ. ಆದರೆ ಪೈಪು ಗಿಡ್ಡವಿತ್ತು. ಅದು ಮುಟ್ಟುವಷ್ಟು ದೂರದಲ್ಲೇ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಬ್ಯಾಗಿಗೆ ಬ್ಯಾಗು ತಾಗಿಸಿ ಜೋಡಿಸಿದರು. ಹಾಗೆ ಒತ್ತಿಟ್ಟರೆ ಚದರ ಮೀಟರಿಗೆ 9 ಬ್ಯಾಗು, 180 ಕೆಜಿ. ಪಕ್ಕದಲ್ಲೇ ತುಂಬಿದ ಟ್ಯಾಂಕುಗಳ ಭಾರ ಬೇರೆ. ಚಾವಣಿ ಬಿರುಕು ಬಿಡಲಿಲ್ಲ, ಪುಣ್ಯ. ಆದರೂ ಇದು ಪುಣ್ಯಕ್ಕೆ ಬಿಡುವ ವಿಷಯವಲ್ಲ. ತಾರಸಿಯಲ್ಲಿ ಇಡಲೇಬೇಕಾದರೆ ಗೋಡೆ, ತೊಲೆಗಳ ನೇರಕ್ಕೆ ಒಂದೇ ಸಾಲು ಇಡಬೇಕು, ಟ್ಯಾಂಕಿನಿಂದ ದೂರ ಇಡಬೇಕು, ಬ್ಯಾಗಿನ ಕೆಳಗೆ 2 ಇಂಚು ಗಾಳಿ ಆಡುವಂತೆ ಇಟ್ಟಿಗೆ ಅಥವಾ ಸ್ಟ್ಯಾಂಡ್ ಕೊಡಬೇಕು.

ತೋಟ ಮುಗಿಸಿದ್ದು ಭಾರವಲ್ಲ, ನೀರು.

ತಾರಸಿಯಲ್ಲಿ 1,000 ಲೀಟರಿನ 8 ಟ್ಯಾಂಕು. ಪ್ರತಿ ಟ್ಯಾಂಕೂ ಅದರ ನೇರ ಕೆಳಗಿನ 4 ಮನೆಗಳಿಗೆ, ನೆಲಮಹಡಿಯಿಂದ ಮೂರನೆಯದರವರೆಗೆ. ಎರಡು ದಿನಕ್ಕೊಮ್ಮೆ ತುಂಬುತ್ತದೆ, ಅಂದರೆ ಮನೆಗೆ ದಿನಕ್ಕೆ 125 ಲೀಟರ್. 2023ರ ಆಗಸ್ಟ್ ಒಣಗಿಯೇ ಹೋಯಿತು, ಮಳೆ ಕೈಕೊಟ್ಟಿತು, ಆ ವರ್ಷ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಬಿಸಿಲಿನ ದಿನ ಒಂದು ಬ್ಯಾಗಿಗೆ 2 ಲೀಟರ್ ನೀರು ಬೇಕು. 120 ಬ್ಯಾಗಿಗೆ 240 ಲೀಟರ್, ಎರಡು ದಿನಕ್ಕೆ 480. ಒಟ್ಟು 8,000 ಲೀಟರಿನಲ್ಲಿ ಇದು ನೂರಕ್ಕೆ 6 ಪಾಲು. ಕಾಗದದ ಮೇಲೆ ಏನೂ ಅಲ್ಲ. ಆದರೆ ಪೈಪು ಸಿಕ್ಕಿಸಿದ್ದು ಒಂದೇ ಟ್ಯಾಂಕಿಗೆ. ಆ ಟ್ಯಾಂಕಿನ 1,000 ಲೀಟರಿನಲ್ಲಿ 480 ಗಿಡಕ್ಕೆ ಹೋದರೆ ಅದರ ಕೆಳಗಿನ 4 ಮನೆಗಳ ನಲ್ಲಿ ಎರಡನೇ ದಿನ ಸಂಜೆಗೇ ಒಣಗುತ್ತದೆ. ಕಾರಣ ಗೊತ್ತಾಗಲು ಅವರಿಗೆ ಮೂರು ವಾರ ಹಿಡಿಯಿತು. ಗೊತ್ತಾದ ದಿನ ಮೆಟ್ಟಿಲ ಮೇಲೆ ನಡೆದ ಜಗಳದ ಸಾರಾಂಶ ಒಂದೇ ಮಾತು: "ನಮ್ ಮಕ್ಕಳಿಗೆ ಸ್ನಾನಕ್ಕಿಲ್ಲ, ನಿಮ್ ಗಿಡಕ್ಕೆ ಬೇಕಾ ಅಕ್ಕ?" ಈ ಮಾತಿಗೆ ಎದುರುತ್ತರ ಇಲ್ಲ.

ಆಮೇಲೆ ಸೋರಿಕೆ. ಬ್ಯಾಗಿನಿಂದ ತೊಳೆದುಹೋದ ನಾರಿನ ಪುಡಿ ಮಳೆನೀರು ಇಳಿಯುವ ತೂಬಿನ ಬಾಯಿಗೆ ಸೇರಿ ಕಟ್ಟಿಕೊಂಡಿತು. ಅಕ್ಟೋಬರಿನ ಎರಡು ಮಳೆಗೆ ಆ ಮೂಲೆಯಲ್ಲಿ ನೀರು ನಿಂತು ಮೂರನೇ ಮಹಡಿಯ ಒಂದು ಮನೆಯ ಸೂರಿನಲ್ಲಿ ತೇವ ಕಂಡಿತು. ತೂಬಿನ ಬಾಯಿಗೆ ಗುಮ್ಮಟದಂಥ ಜಾಲರಿ ಕೂರಿಸಿದ್ದರೆ ಇದು ಆಗುತ್ತಿರಲಿಲ್ಲ. ದುರಸ್ತಿಯ ಖರ್ಚು ಯಾರದ್ದು ಎಂಬ ಪ್ರಶ್ನೆ ಎದ್ದಾಗ ತಾರಸಿ ಎಲ್ಲರದ್ದೂ ಆಯಿತು, ಸೋರಿಕೆ ಮಾತ್ರ ಆ ಒಂದು ಮನೆಯದ್ದೇ ಆಯಿತು.

ಟೊಮೆಟೊ ಕಥೆ ಚಿಕ್ಕದು. ಬ್ಯಾಗುಗಳು ಒತ್ತೊತ್ತಾಗಿದ್ದವು, ಒಣ ಹವೆಗೆ ಬಿಳಿ ನೊಣ ಏರಿತು, ಅದು ಹರಡುವ ಎಲೆ ಮುಟುರು ರೋಗಕ್ಕೆ ಅರ್ಧ ಗಿಡ ಕುಗ್ಗಿತು. ಉಳಿದ ಗಿಡ ಕಾಯಿ ಬಿಡುವಷ್ಟರಲ್ಲಿ ಪೇಟೆಯಲ್ಲಿ ಟೊಮೆಟೊ ಬೆಲೆ ನೆಲ ಕಚ್ಚಿತ್ತು. ಬೆಲೆ ಏರಿದಾಗ ಬಿತ್ತಿದ ಬೆಳೆ ಇಳಿದಾಗ ಕೈಗೆ ಬರುತ್ತದೆ. ಕೋಲಾರದ ರೈತನಿಗೂ ಈ ಲೆಕ್ಕ ತಪ್ಪುತ್ತದೆ, ಗ್ರೋ ಬ್ಯಾಗಿನವರಿಗೆ ತಪ್ಪದೆ ಇರುತ್ತದೆಯೇ.

2024ರ ಏಪ್ರಿಲ್‌ನಲ್ಲಿ ಬ್ಯಾಗುಗಳು ಕೆಳಗಿಳಿದವು. ಮಣ್ಣನ್ನು ಎಸೆಯಲಿಲ್ಲ, ಅದೇ ಮುಂದಿನ ಮಡಿಗಳಿಗೆ ಬಿತ್ತು.

ನೆಲದಲ್ಲಿ ಜಾಗ ಹುಡುಕಿದ್ದು

ಬ್ಲಾಕಿನ ಸುತ್ತ ಮೂರು ಕಡೆ ಖಾಲಿ ನೆಲವಿತ್ತು. ಪಕ್ಕದ ಬ್ಲಾಕಿಗೂ ಇದಕ್ಕೂ ನಡುವಿನ 5 ಮೀಟರ್ ಓಣಿ ಎಲ್ಲರ ಕಣ್ಣಿಗೂ ಮೊದಲು ಬಿದ್ದದ್ದು. ಅದನ್ನು ಬಿಟ್ಟಿದ್ದು ಸರಿ. ಎರಡೂ ಕಡೆ 12 ಮೀಟರ್ ಎತ್ತರದ ಗೋಡೆಯಿದ್ದರೆ ಓಣಿಯ ನಡುಮಧ್ಯಕ್ಕೆ ನೇರ ಬಿಸಿಲು ಬೀಳುವುದು ಮಧ್ಯಾಹ್ನದ ಆಚೀಚೆ ಒಂದೂವರೆ ಗಂಟೆ ಮಾತ್ರ. ಸೊಪ್ಪಿಗೆ ಕಡಿಮೆಯೆಂದರೂ 4 ಗಂಟೆ, ಕಾಯಿಪಲ್ಯೆಗೆ 6 ಗಂಟೆ ಬಿಸಿಲು ಬೇಕು.

ಸಿಕ್ಕಿದ್ದು ಕಟ್ಟಡದ ದಕ್ಷಿಣಕ್ಕೆ, ಕಾಂಪೌಂಡ್ ಗೋಡೆಯವರೆಗಿನ 30×6 ಮೀಟರ್ ಪಟ್ಟಿ. ದಕ್ಷಿಣ ಎಂದರೆ ವರ್ಷವಿಡೀ ಬಿಸಿಲು ಎಂದು ಲೆಕ್ಕ ಹಾಕಿದರೆ ಮೈಸೂರಿನಲ್ಲಿ ಎಡವುತ್ತೀರಿ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 20ರ ತನಕ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. 12 ಮೀಟರ್ ಕಟ್ಟಡದ ನೆರಳು ಜೂನ್ ತಿಂಗಳಲ್ಲಿ ದಕ್ಷಿಣದ ಕಡೆಗೇ ಬೀಳುತ್ತದೆ: ನಡುಹಗಲಿಗೆ ಸುಮಾರು 2.4 ಮೀಟರ್, ಬೆಳಿಗ್ಗೆ 9ಕ್ಕೂ ಮಧ್ಯಾಹ್ನ 3ಕ್ಕೂ 4 ಮೀಟರಿಗಿಂತ ಸ್ವಲ್ಪ ಹೆಚ್ಚು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇದೇ ಪಟ್ಟಿ ದಿನವಿಡೀ ಬಿಸಿಲಲ್ಲಿರುತ್ತದೆ.

ಆದ್ದರಿಂದ ಎರಡು ಸಾಲು ಮಾಡಿದರು. ಗೋಡೆಯಿಂದ 1 ಮೀಟರ್ ಬಿಟ್ಟು ಮೊದಲ ಸಾಲು, ನಡುವೆ 90 ಸೆಂ.ಮೀ. ದಾರಿ, ಆಮೇಲೆ ಎರಡನೇ ಸಾಲು. ಸಾಲಿಗೆ 7 ಮಡಿ, ಮಡಿಯೊಂದು 3 ಮೀಟರ್ ಉದ್ದ, 1.2 ಮೀಟರ್ ಅಗಲ. ಅಗಲ ಇದಕ್ಕಿಂತ ಹೆಚ್ಚಾದರೆ ನಡುವಿನ ಕಳೆ ಕೀಳಲು ಕೈ ಎಟುಕದೆ ಮಡಿಯೊಳಗೇ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. ಒಟ್ಟು 14 ಮಡಿ, 50 ಚದರ ಮೀಟರ್. ಮಳೆಗಾಲದಲ್ಲಿ ನೆರಳು ಬೀಳುವ ಮೊದಲ ಸಾಲಿಗೆ ಆಗ ಬಸಳೆ, ಪಾಲಕ್, ಹೊನಗೊನೆ, ಪುದೀನ, ಒಂದೆಲಗ. ಎರಡನೇ ಸಾಲಿಗೆ ಬದನೆ, ಬೆಂಡೆ, ಅಲಸಂದೆ, ಮೆಣಸಿನಕಾಯಿ.

ಜಾಗ ಯಾರದ್ದೆಂಬುದನ್ನು ಬಗೆಹರಿಸದೆ ಗುದ್ದಲಿ ಹಾಕಬಾರದು. ಇಂಥ ವಸತಿಗಳಲ್ಲಿ ಮನೆಗೆ ಹಕ್ಕುಪತ್ರ ಸಿಕ್ಕಿದರೂ ಸುತ್ತಲಿನ ನೆಲ ಸಾಮಾನ್ಯವಾಗಿ ಕಟ್ಟಿಸಿದ ಸಂಸ್ಥೆಯದ್ದೇ ಅಥವಾ ಪಾಲಿಕೆಯದ್ದೇ. ಇಲ್ಲಿ 32 ಮನೆಯವರೂ ಸಹಿ ಹಾಕಿದ ಒಂದು ಪುಟದ ಒಪ್ಪಿಗೆ ಪತ್ರ ಮಾಡಿ, ಅದರ ಜೊತೆ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡರು. ಪತ್ರದಲ್ಲಿ ಬರೆದದ್ದು ನಾಲ್ಕೇ ಮಾತು: ಕಾಯಂ ಕಟ್ಟೋಣ ಇಲ್ಲ, ಕೇಳಿದಾಗ ತೆರವು, ಯುಜಿಡಿ (ಒಳಚರಂಡಿ) ಚೇಂಬರಿನ ಸುತ್ತ 60 ಸೆಂ.ಮೀ. ಖಾಲಿ, ಪೈಪಿನ ನೇರದಿಂದ 3 ಮೀಟರಿನೊಳಗೆ ಮರ ಇಲ್ಲ. ಕೊನೆಯದನ್ನು ಸಡಿಲಿಸಬೇಡಿ. ನುಗ್ಗೆ, ಹಲಸಿನ ಬೇರು ಚರಂಡಿ ಪೈಪಿನ ಕೂಡುಗಳೊಳಗೆ ನುಗ್ಗಿದರೆ ಕಟ್ಟಿಕೊಳ್ಳುವುದು ನೆಲಮಹಡಿಯವರ ಬಚ್ಚಲು.

ಮಣ್ಣು

ಮೇಲೆ ಹುಲ್ಲಿದ್ದರೂ ಅರ್ಧ ಅಡಿ ಕೆಳಗೆ ಕಟ್ಟಡದ ಕಸ: ಸಿಮೆಂಟ್ ಹೆಂಟೆ, ಟೈಲ್ಸ್ ಚೂರು, ಬಣ್ಣದ ಹಕ್ಕಳೆ. ಸಿಮೆಂಟು, ಸುಣ್ಣ ಬೆರೆತ ಮಣ್ಣಿನ ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಮೇಲಿರುತ್ತದೆ. ಇಂಥ ಮಣ್ಣಲ್ಲಿ ಕಬ್ಬಿಣಾಂಶ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ದಂಟಿನ ಎಳೆ ಎಲೆ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುತ್ತದೆ. ಪರೀಕ್ಷೆಗೆಂದು ಒಂದು ಮೂಲೆಯಲ್ಲಿ ಎರಚಿದ ದಂಟಿನ ಬೀಜ 20 ದಿನದಲ್ಲಿ ಇದನ್ನೇ ತೋರಿಸಿತು. ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದೇ, ಆದರೆ ಒಂದು ಹಿಡಿ ದಂಟಿನ ಬೀಜಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಹಾಗಾಗಿ ಏರುಮಡಿ. ನೆಲವನ್ನು ಹಾರೆಯಿಂದ ಬಡಿದು ಸಡಿಲಿಸಿ, ಸುತ್ತ 16 ಇಂಚಿನ ಸಿಮೆಂಟ್ ಬ್ಲಾಕನ್ನು ಗಾರೆ ಇಲ್ಲದೆ ಒಂದೇ ವರಸೆ ಜೋಡಿಸಿದರು. ಮಡಿಗೆ 22 ಬ್ಲಾಕು. 25 ಸೆಂ.ಮೀ. ದಪ್ಪ ತುಂಬಲು ಒಂದು ಮಡಿಗೆ 0.9 ಘನ ಮೀಟರ್, 14ಕ್ಕೆ 12.6. ಅಳತೆ 5:3:2: ಐದು ಪಾಲು ಕೆಮ್ಮಣ್ಣು, ಮೂರು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಪಾಲು ನಾರಿನ ಪುಡಿ ಮತ್ತು ಭತ್ತದ ಹೊಟ್ಟು. 100 ಘನ ಅಡಿಯ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಮಣ್ಣು 3 ಲೋಡು ತರಿಸಿದರು. ಮೊದಲ ಮೂರು ತಿಂಗಳಲ್ಲಿ ಮಡಿ ಐದರಲ್ಲೊಂದು ಪಾಲು ಕುಸಿಯುತ್ತದೆ, ಸ್ವಲ್ಪ ಮಣ್ಣು ಕಾದಿಟ್ಟುಕೊಳ್ಳಬೇಕು. ಬದನೆ, ಬೆಂಡೆಯ 6 ಮಡಿಗಳಿಗೆ ಮಾತ್ರ ಕೆಳಗೆ ಇನ್ನೊಂದು ಅಡಿ ಅಗೆದು, ಜರಡಿ ಹಿಡಿದು, ಗೊಬ್ಬರ ಬೆರೆಸಿ ಮತ್ತೆ ತುಂಬಿದರು. ಸೊಪ್ಪಿಗೆ 20 ಸೆಂ.ಮೀ. ಸಾಕು.

ಕೆರೆ ಗೋಡು ಹಾಕೋಣ ಎಂಬ ಸಲಹೆ ಬಂತು. ಹಳ್ಳಿಯ ಕೆರೆಯದ್ದಾದರೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ನಗರದೊಳಗಿನ, ಚರಂಡಿ ನೀರು ಸೇರುವ ಕೆರೆಯ ಗೋಡು ಬೇಡ. ಅದರಲ್ಲಿ ಲೋಹದ ಅಂಶ ಕೂತಿರುತ್ತದೆ, ಸೊಪ್ಪು ಅದನ್ನು ಸುಲಭವಾಗಿ ಹೀರುತ್ತದೆ. ಗೊಬ್ಬರದಲ್ಲೂ ಒಂದು ಎಡವಟ್ಟಾಯಿತು. ಎರಡನೇ ಲೋಡು ಅರ್ಧ ಕಳಿತದ್ದು ಬಂದು ಅದರೊಂದಿಗೆ ಗೊಣ್ಣೆ ಹುಳು ಇಳಿಯಿತು. ಚೆನ್ನಾಗಿದ್ದ ಬದನೆ ಸಸಿ ಇದ್ದಕ್ಕಿದ್ದಂತೆ ಬಾಡಿ, ಎಳೆದರೆ ಬೇರಿಲ್ಲದೆ ಕೈಗೆ ಬಂದರೆ ಗೊಣ್ಣೆ ಹುಳುವಿನದೇ ಕೆಲಸ. ಮಡಿ ಕೆದಕಿ ಕೈಯಲ್ಲಿ ಆರಿಸಿ ತೆಗೆದದ್ದು ಬಿಟ್ಟರೆ ಬೇರೆ ಉಪಾಯ ಇರಲಿಲ್ಲ. ಗೊಬ್ಬರ ಕೊಳ್ಳುವಾಗ ಮುಷ್ಟಿಯಲ್ಲಿ ಹಿಡಿದು ಮೂಸಬೇಕು. ಸಗಣಿ ವಾಸನೆ ಬಂದರೆ ವಾಪಸು ಕಳಿಸಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಇಳಿಸಿಕೊಳ್ಳಿ.

ನೀರಿನ ಲೆಕ್ಕ

ಮಾರ್ಚ್, ಏಪ್ರಿಲ್ ಬಿಸಿಲಿಗೆ ಸೊಪ್ಪಿನ ಮಡಿಗೆ ಚದರ ಮೀಟರಿಗೆ ದಿನಕ್ಕೆ ಐದೂವರೆ ಲೀಟರ್ ಬೇಕು. 50 ಚದರ ಮೀಟರಿಗೆ 275 ಲೀಟರ್. ನಲ್ಲಿ ನೀರು ಮುಟ್ಟುವಂತಿಲ್ಲ ಎಂಬುದು ಮೊದಲ ಸಭೆಯಲ್ಲೇ ತೀರ್ಮಾನವಾಗಿತ್ತು. ಇನ್ನು ಮೂರು ದಾರಿ ಉಳಿದವು.

ಒಂದು, ಮಳೆ. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಬೀಳುತ್ತದೆ, ಮೇ ತಿಂಗಳಲ್ಲಿ ಒಂದು ಏರು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು. ದಕ್ಷಿಣಕ್ಕೆ ಇಳಿಯುವ ಒಂದು ಪೈಪಿನ ಪಾಲಿಗೆ 75 ಚದರ ಮೀಟರ್ ತಾರಸಿ. 10 ಮಿ.ಮೀ. ಮಳೆಗೆ ಅದರಿಂದ ಸುಮಾರು 600 ಲೀಟರ್ ಸಿಗುತ್ತದೆ. ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಹೊತ್ತ ಮೊದಲ ನೀರನ್ನು 200 ಲೀಟರಿನ ಒಂದು ಡ್ರಮ್ಮಿಗೆ ಬಿಟ್ಟು, ಅದು ತುಂಬಿದ ಮೇಲೆ ಹರಿಯುವುದನ್ನು 1,000 ಲೀಟರಿನ ಎರಡು ಟ್ಯಾಂಕಿಗೆ ತಿರುಗಿಸಿದರು. ಮೊದಲ ಡ್ರಮ್ಮಿನ ಬುಡದಲ್ಲಿ ಸಣ್ಣ ನಲ್ಲಿಯಿಟ್ಟು ಪ್ರತಿ ಮಳೆಯ ನಂತರ ಖಾಲಿ ಮಾಡಬೇಕು. ಎರಡು ಸಲ ಮರೆತು ಕೊಳಕು ನೀರು ಟ್ಯಾಂಕಿಗೇ ಹೋಗಿತ್ತು. ಪೂರ್ತಿ 14 ಮಡಿಗೆ 2,000 ಲೀಟರ್ ಒಂದು ವಾರದ ನೀರು. ಮೇ ತಿಂಗಳಿಂದ ನವೆಂಬರ್‌ವರೆಗೆ ಇದರಿಂದ ನಡೆಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಟ್ಯಾಂಕು ಬರೀ ಅಲಂಕಾರ.

ಎರಡು, ಬಟ್ಟೆ ಒಗೆಯುವ ಕಲ್ಲಿನ ನೀರು. ಮೊದಲ ಸೋಪಿನ ನೀರು ನೇರ ಚರಂಡಿಗೆ. ಜಾಲಿಸಿದ ನೀರು ಮಾತ್ರ ಬಾಳೆ ಗುಂಡಿಗೆ: 1 ಮೀಟರ್ ಅಗಲ, 60 ಸೆಂ.ಮೀ. ಆಳ, ತಳದಲ್ಲಿ ಇಟ್ಟಿಗೆ ಚೂರು, ಮೇಲೆ ತರಗೆಲೆ, ಸುತ್ತ 3 ಬಾಳೆ, ಒಂದು ಕೆಸು. ಈ ನೀರನ್ನು ಸೊಪ್ಪಿಗೆ ಹಾಕಬಾರದು. ಒಬ್ಬರು ಗೊತ್ತಿಲ್ಲದೆ ಎರಡು ವಾರ 9ನೇ ಮಡಿಗೆ ಹಾಕಿದರು. ಸೋಪಿನ ಪುಡಿಯ ಸೋಡಿಯಂ ಸೇರಿ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿತು, ಮೆಂತ್ಯದ ಎಲೆಯಂಚು ಸುಟ್ಟಂತಾಯಿತು, ನೀರು ಇಂಗದೆ ಮೇಲೇ ನಿಂತಿತು. ಚದರ ಮೀಟರಿಗೆ 250 ಗ್ರಾಂ ಜಿಪ್ಸಮ್ ಬೆರೆಸಿ ಒಂದು ಮಳೆಗಾಲ ತೊಳೆಯಲು ಬಿಟ್ಟ ಮೇಲೆ ಸರಿಹೋಯಿತು.

ಮೂರನೆಯದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದದ್ದು: ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು. ಮನೆಗೆ ದಿನಕ್ಕೆ 5 ಲೀಟರ್. ತೋಟಕ್ಕೆ ಸೇರಿದ ಮನೆ 21, ಅಂದರೆ 105 ಲೀಟರ್. ಬೇಸಿಗೆಯಲ್ಲಿ ಇಷ್ಟು ನೀರಿಗೆ 5 ಮಡಿ ಬದುಕುತ್ತವೆ (18 ಚದರ ಮೀಟರ್, 99 ಲೀಟರ್). ಜನವರಿ ಬಂದ ಕೂಡಲೇ 14ರಲ್ಲಿ 9 ಮಡಿಗಳನ್ನು ಮುಚ್ಚುತ್ತಾರೆ. ಬೆಳೆ ಕಿತ್ತು, ಗೊಬ್ಬರ ಹಾಕಿ, ಮೇಲೆ 10 ಸೆಂ.ಮೀ. ತರಗೆಲೆ ಹೊದಿಸಿ ಮೇವರೆಗೆ ಬಿಡುತ್ತಾರೆ. ಈ ಕಟ್ಟಡದಲ್ಲಿ ತೋಟ ಉಳಿದಿದ್ದರೆ ಹೀಗೆ ಮುಚ್ಚುವುದನ್ನು ಕಲಿತದ್ದರಿಂದ. ಎಲ್ಲ ಮಡಿಯನ್ನೂ ಅರೆಹೊಟ್ಟೆಯಲ್ಲಿ ಉಳಿಸಲು ಹೋದರೆ 14 ಮಡಿಯೂ ಬಾಡಿ, ನಾರೆದ್ದು, ಏಪ್ರಿಲ್‌ಗೆ ಜನರ ಮನಸ್ಸೂ ಬಾಡುತ್ತದೆ.

ಮೆಟ್ಟಿಲ ಬುಡದಲ್ಲಿ ಮುಚ್ಚಳವಿರುವ ಒಂದು ಡ್ರಮ್. ಬೆಳಿಗ್ಗೆ ಕೆಲಸಕ್ಕೆ ಇಳಿಯುವಾಗ ಬಕೆಟ್ ತಂದು ಸುರಿಯುತ್ತಾರೆ. ಬರೀ ತೊಳೆದ ನೀರು, ಕಲಗಚ್ಚು ಬೇಡ ಎಂದು ಡ್ರಮ್ಮಿನ ಮೇಲೆ ಬರೆದಿದೆ. ಗಂಜಿ, ಸಾರು, ಉಪ್ಪು ಸೇರಿದರೆ ಇರುವೆ, ಹೆಗ್ಗಣ, ನಾತ. ಅದೇ ದಿನ ಸಂಜೆಯೊಳಗೆ ಮಡಿಗೆ ಹೋಗಬೇಕು, ರಾತ್ರಿ ಉಳಿದರೆ ಹುಳಿ ಬರುತ್ತದೆ.

ಡ್ರಮ್ಮು, ಟ್ಯಾಂಕು, ತಟ್ಟೆ ಎಂದ ಮೇಲೆ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಲ್ಲಿ ಮೊಟ್ಟೆಯಿಟ್ಟು ಎಂಟು-ಹತ್ತು ದಿನದಲ್ಲಿ ಹಾರುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ಟ್ಯಾಂಕಿನ ಬಾಯಿಗೆ ಬಿಗಿಯಾಗಿ ಸೊಳ್ಳೆ ಪರದೆ ಬಟ್ಟೆ, ಪ್ರತಿ ಭಾನುವಾರ ಡ್ರಮ್ ಬೋರಲು ಹಾಕಿ ಒಳಗೋಡೆ ಉಜ್ಜುವುದು. ಉಜ್ಜದಿದ್ದರೆ ಗೋಡೆಗಂಟಿದ ಮೊಟ್ಟೆ ಮತ್ತೆ ನೀರು ಬಂದಾಗ ಒಡೆಯುತ್ತದೆ.

ಬಿತ್ತನೆ, ಕೊಯ್ಲು, ಪಾಲು

ಒಂದು ಮಡಿ ದಂಟು ಅಥವಾ ಕೀರೆ 28 ದಿನಕ್ಕೆ 4ರಿಂದ 5 ಕೆಜಿ ಕೊಡುತ್ತದೆ. 200-220 ಗ್ರಾಮಿನ ಕಟ್ಟು ಕಟ್ಟಿದರೆ 21 ಕಟ್ಟು. ಒಂದು ಮಡಿ ಕೊಯ್ದರೆ ಮನೆಗೊಂದು ಕಟ್ಟು, ಹಂಚಿಕೆಗೆ ತಕ್ಕಡಿಯೂ ಬೇಡ. ಆದ್ದರಿಂದ ಸೊಪ್ಪಿಗೆ 8 ಮಡಿ (ಮೊದಲ ಸಾಲಿನ 7, ಎರಡನೆಯದರ 1) ಮೀಸಲು. ಮಂಗಳವಾರ ಒಂದು, ಶುಕ್ರವಾರ ಒಂದು ಬಿತ್ತುತ್ತಾ ಹೋದರೆ ನಾಲ್ಕು ವಾರಕ್ಕೆ ಸುತ್ತು ಮುಗಿದು ಮೊದಲನೆಯದು ಕೊಯ್ಲಿಗೆ ಬರುತ್ತದೆ. ವಾರಕ್ಕೆ ಮನೆಗೆ ಎರಡು ಕಟ್ಟು: ಒಂದು ಮಸೊಪ್ಪಿಗೆ, ಇನ್ನೊಂದು ಬಸ್ಸಾರಿಗೆ. ಬೇಸಿಗೆಯ 5 ಮಡಿಯಲ್ಲಿ ವಾರಕ್ಕೆ ಒಂದು, ಅಪರೂಪಕ್ಕೆ ಎರಡು.

ದಂಟಿನ ಬೀಜ ಚದರ ಮೀಟರಿಗೆ 2 ಗ್ರಾಂ ಸಾಕು. ಸಾಸಿವೆಗಿಂತ ಸಣ್ಣ ಬೀಜ, ಹತ್ತು ಪಾಲು ಒಣ ಮರಳಲ್ಲಿ ಬೆರೆಸಿ ಎರಚದಿದ್ದರೆ ಒಂದೇ ಕಡೆ ಬೀಳುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ಕೊಯ್ದಷ್ಟೂ ಚಿಗುರುತ್ತದೆ, ಮೂರು-ನಾಲ್ಕು ಕೊಯ್ಲಿಗೆ ಮೋಸವಿಲ್ಲ. ಮೆಂತ್ಯ, ಸಬ್ಬಸಿಗೆ, ಮೂಲಂಗಿ ಅಕ್ಟೋಬರ್ ನಂತರ. ಬದನೆಗೆ ಈರನಗೆರೆ ತಳಿ ಹಾಕಿದರು, ಮೈಸೂರಲ್ಲಿ ಬೇರೆ ಬದನೆ ಹಾಕಲು ಹಿರಿಯರು ಒಪ್ಪಲಿಲ್ಲ. ಬೇಲಿಗೆ ನಾಟಿ ಅವರೆ. ಹಗಲು ಚಿಕ್ಕದಾಗುವವರೆಗೆ ಇದು ಹೂಬಿಡುವುದಿಲ್ಲ, ಜುಲೈನಲ್ಲಿ ಹಾಕಿದರೂ ಕಾಯಿ ಡಿಸೆಂಬರಿಗೇ. ನವೆಂಬರಿನಲ್ಲಿ ಬರೀ ಬಳ್ಳಿ ನೋಡಿ ಕಿತ್ತುಹಾಕಲು ಹೊರಟಿದ್ದ ಹುಡುಗರನ್ನು ನೆಲಮಹಡಿಯ ಅಜ್ಜಿಯೊಬ್ಬರು ತಡೆದರು. ಕಾಲದ ಹಂಗಿಲ್ಲದ್ದು ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಇದೆ, ಸೊಗಡು ಮಾತ್ರ ನಾಟಿಯಷ್ಟಿಲ್ಲ ಎಂಬುದು ಇಲ್ಲಿನ ಒಮ್ಮತ.

ಇದರಿಂದ ಸಂಸಾರದ ಖರ್ಚು ಉಳಿಯುತ್ತದೆ ಎಂದು ಹೇಳಿಕೊಂಡು ತೋಟ ಶುರುಮಾಡಿದರೆ ಆರು ತಿಂಗಳಲ್ಲಿ ಜನ ಎದ್ದು ಹೋಗುತ್ತಾರೆ. ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ-ಸೊಪ್ಪು ಬೇಕೆನ್ನುತ್ತದೆ ರಾಷ್ಟ್ರೀಯ ಪೋಷಣಾ ಸಂಸ್ಥೆ. 21 ಮನೆಗೆ, ಮನೆಗೆ ನಾಲ್ವರಂತೆ, ದಿನಕ್ಕೆ ಸುಮಾರು 34 ಕೆಜಿ. ತೋಟದ ಸೊಪ್ಪು ವಾರಕ್ಕೆ 9 ಕೆಜಿ. ತಿಂಗಳಿಗೆ ಮನೆಗೆ 8 ಕಟ್ಟು ಸೊಪ್ಪು, ಒಂದಿಷ್ಟು ಮೆಣಸಿನಕಾಯಿ, ಕರಿಬೇವು. ಅಷ್ಟೇ. ಜನ ಉಳಿದದ್ದು ಎಳೆ ಸೊಪ್ಪು ಕಿತ್ತ ಅರ್ಧ ಗಂಟೆಯಲ್ಲಿ ಒಲೆಗೆ ಹೋಗುತ್ತದೆ ಎಂಬುದಕ್ಕೆ, ಚರಂಡಿ ನೀರಲ್ಲಿ ಬೆಳೆದದ್ದಲ್ಲ ಎಂಬ ಭರವಸೆಗೆ.

ಪಾಳಿ ಸರಳ: 21 ಮನೆ, 7 ದಿನ, ದಿನಕ್ಕೆ 3 ಮನೆ. ಗಾರ್ಮೆಂಟ್ಸ್‌ನವರು ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಸಂಜೆ ಆರೂವರೆಗೆ. ಎಲ್ಲರೂ ಬೆಳಿಗ್ಗೆಯೇ ನೀರು ಹಾಕಬೇಕೆಂದು ಮಾಡಿದ ಮೊದಲ ಪಟ್ಟಿ ಹತ್ತು ದಿನ ನಡೆಯಲಿಲ್ಲ. ಈಗ ಮೂರರಲ್ಲಿ ಒಂದು ಮನೆಯಾದರೂ ಹಗಲು ಮನೆಯಲ್ಲಿರುವವರದ್ದು ಇರುವಂತೆ ಜೋಡಿಸಿದ್ದಾರೆ. ಸಂಜೆ ಹಾಕುವವರು ಎಲೆ ನೆನೆಸದೆ ಬುಡಕ್ಕೆ ಹಾಕಬೇಕು. ಮಳೆಗಾಲದಲ್ಲಿ ಸಂಜೆ ಎಲೆ ಮೇಲೆ ಸುರಿದ ನೀರಿಗೆ ಒಂದು ಮಡಿ ಪಾಲಕ್ ಪೂರ್ತಿ ಚುಕ್ಕೆ ರೋಗಕ್ಕೆ ಹೋಯಿತು. ಪಾಳಿ ತಪ್ಪಿಸಿದ ಮನೆಗೆ ಆ ವಾರ ಕಟ್ಟಿಲ್ಲ. ದಂಡದ ದುಡ್ಡು ಇಟ್ಟು ನೋಡಿದರು, ವಸೂಲಿ ಮಾಡುವವರೇ ಸಿಗಲಿಲ್ಲ.

ಕೆಟ್ಟದ್ದು, ಸರಿಪಡಿಸಿದ್ದು

ಜೂನಿನಲ್ಲಿ ಹುಟ್ಟಿದ ಸಸಿ ಬುಡ ಕರಗಿ ಮಲಗುವುದು ಸಸಿ ಕೊಳೆ ರೋಗ. ಬೀಜ ದಟ್ಟ, ನೀರು ಹೆಚ್ಚು, ಗಾಳಿ ಕಡಿಮೆ, ಮೂರೂ ಸೇರಿದಾಗ ಬರುತ್ತದೆ. ಬಿತ್ತುವ ಮುಂಚೆ ಒಂದು ಮಡಿಯ ಗೊಬ್ಬರಕ್ಕೆ 50 ಗ್ರಾಂ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ವಾರ ನೆರಳಲ್ಲಿಟ್ಟು ಹಾಕಿದ ಮೇಲೆ ಬಹಳ ಕಡಿಮೆಯಾಯಿತು. ಅವರೆ ಕುಡಿಗೆ ಮುತ್ತಿದ ಸಸ್ಯಹೇನಿಗೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕರಗಲು ಒಂದಿಷ್ಟು ಸೋಪಿನ ನೀರು, ಸಂಜೆ ಸಿಂಪಡಣೆ. ಬದನೆಯ ಬಾಡಿದ ಕುಡಿಯನ್ನು ಒಂದು ಇಂಚು ಕೆಳಗಿನಿಂದ ಚಿವುಟಿ, ಮಡಿ ಪಕ್ಕ ಎಸೆಯದೆ ಸುಡಬೇಕು. ಒಳಗಿರುವ ಕೊರಕ ಹುಳು ಎಸೆದಲ್ಲಿಂದಲೇ ಮತ್ತೆ ಏರುತ್ತದೆ. ರಾಸಾಯನಿಕ ಔಷಧಿ ಇಲ್ಲ ಎಂಬುದು ಸಿದ್ಧಾಂತಕ್ಕಿಂತ ಜಾಗದ ಮಾತು: ಮಡಿಯಿಂದ ಒಂದು ಮೀಟರಿಗೆ ನೆಲಮಹಡಿಯ ಕಿಟಕಿಗಳಿವೆ.

ಹೊಸದಾಗಿ ಸಡಿಲಿಸಿದ ಮಣ್ಣು ಬೆಕ್ಕುಗಳಿಗೆ ಪ್ರೀತಿ. ಬಿತ್ತಿದ ಮೇಲೆ ಹತ್ತು ದಿನ ಹಳೆಯ ಸೀರೆಯೋ ಬಲೆಯೋ ಹಾಸದಿದ್ದರೆ ಮಡಿ ಅವುಗಳ ಕಕ್ಕಸಾಗುತ್ತದೆ. ಮೇಕೆಗೆ ನಾಲ್ಕಡಿ ತಂತಿಬೇಲಿ ಸಾಲುತ್ತದೆ, ಮಕ್ಕಳಿಗೆ ಯಾವ ಬೇಲಿಯೂ ಸಾಲುವುದಿಲ್ಲ. ಅವರಿಗೆಂದೇ ಬೇಲಿಯಂಚಿಗೆ ಎರಡು ಚೆರ್ರಿ ಟೊಮೆಟೊ ಗಿಡ.

ಅತಿ ಕೆಟ್ಟ ದಿನ ಒಂದು ಮೇ ಮಳೆಯದು. ಚೇಂಬರ್ ಕಟ್ಟಿಕೊಂಡು ಮೇಲೆ ಉಕ್ಕಿ 3 ಮತ್ತು 4ನೇ ಮಡಿಗೆ ಹೊಲಸು ನೀರು ಹೊಕ್ಕಿತು. ಕೊಯ್ಲಿಗೆ ಬಂದ ಸೊಪ್ಪನ್ನು ತೊಳೆದು ತಿನ್ನೋಣ ಎಂದವರಿದ್ದರು. ತಿನ್ನಬಾರದು, ತೊಳೆದರೂ, ಬೇಯಿಸಿದರೂ. ಬೆಳೆ ಕಿತ್ತು ಪಾಲಿಕೆಯ ಗಾಡಿಗೆ ಹಾಕಿ ಆ ಎರಡು ಮಡಿಗಳಲ್ಲಿ ನಾಲ್ಕು ತಿಂಗಳು ಚೆಂಡುಹೂ ಬೆಳೆದರು, ಆಯುಧಪೂಜೆಗೆ ಆಟೊಗಳಿಗೆ ಅದೇ ಹೂ. ಆಮೇಲೆ ಚೇಂಬರಿನ ಪಕ್ಕದ ಮಡಿಗಳಿಗೆ ಇನ್ನೊಂದು ವರಸೆ ಬ್ಲಾಕು ಏರಿಸಿದರು. ಮಡಿಯ ಅಂಚು ಚೇಂಬರಿನ ಬಾಯಿಗಿಂತ ಕನಿಷ್ಠ 20 ಸೆಂ.ಮೀ. ಮೇಲಿರಬೇಕು. ಇದನ್ನು ಮೊದಲ ದಿನವೇ ನೋಡಬೇಕಿತ್ತು.

ಕಾಂಪೋಸ್ಟಿಗೆ 1 ಮೀಟರ್ ಅಡ್ಡಳತೆ, 1 ಮೀಟರ್ ಎತ್ತರದ ಮೂರು ತಂತಿಜಾಲರಿ ಬುಟ್ಟಿ. ಹೆಗ್ಗಣ ನುಗ್ಗದಂತೆ ಜಾಲರಿಯ ಕಣ್ಣು 12 ಮಿ.ಮೀ., ತಳಕ್ಕೂ ಹಾಕಬೇಕು. ದಿನಕ್ಕೆ 10 ಕೆಜಿ ಹಸಿ ಕಸ, ಅಳತೆಯಲ್ಲಿ ಅದರ ಎರಡರಷ್ಟು ತರಗೆಲೆ. ಹೊಂಗೆ, ಮಳೆಮರದ ಎಲೆ ಜನವರಿಯಿಂದ ಮಾರ್ಚ್‌ವರೆಗೆ ಉದುರುವಾಗಲೇ ಚೀಲಗಳಲ್ಲಿ ತುಂಬಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಎಲೆ ಮುಗಿದು ಹಸಿ ಕಸ ಒಂದೇ ಬಿದ್ದಾಗ ನಾತಕ್ಕೆ ಕಿಟಕಿಗಳು ಮುಚ್ಚಿದವು. ಮರದ ಮಿಲ್ಲಿನ ಹೊಟ್ಟು ತಂದು ಉಳಿಸಿಕೊಂಡರು. ಮಾಂಸ, ಮೀನು, ಬೇಯಿಸಿದ ಅನ್ನ ಬುಟ್ಟಿಗಿಲ್ಲ.

ತೋಟದ ಹೊರಗೆ ಉಳಿದ 11 ಮನೆಗಳಿಗೂ ಕರಿಬೇವು, ದೊಡ್ಡಪತ್ರೆ, ಪುದೀನ ಕೇಳದೆ ಕಿತ್ತುಕೊಳ್ಳಲು ಮುಕ್ತ. ಈಗ ಅವರಲ್ಲಿ 6 ಮನೆ ಸೇರುತ್ತೇವೆ ಎನ್ನುತ್ತಿವೆ. ಮಡಿ ಹೆಚ್ಚಿಸಲು ಜಾಗವಿಲ್ಲ, 27 ಮನೆಗೆ ಹಂಚಿದರೆ ಕಟ್ಟು ಸಣ್ಣದಾಗುತ್ತದೆ. ಆದರೆ 6 ಮನೆ ಬಂದರೆ 30 ಲೀಟರ್ ತೊಳೆದ ನೀರೂ ಬರುತ್ತದೆ, ಅಂದರೆ ಬೇಸಿಗೆಯಲ್ಲಿ ಇನ್ನೊಂದೂವರೆ ಮಡಿ ಜೀವಂತ. ಸಭೆ ಒಪ್ಪಿದ್ದು ಹೀಗೆ: ಸೇರುವವರು ಜನವರಿಯಿಂದ ಮೇವರೆಗೆ ದಿನಾ ಬಕೆಟ್ ಇಳಿಸಬೇಕು, ಕಟ್ಟು ಸಿಗುವುದು ಜೂನಿನಿಂದ.